ಮೂರನೇ ಕ್ಲಾಸಿನ ಮಗನಿಗೆ ಎಡಿಎಚ್‌ಡಿ ಎಂದಿದ್ದಾರೆ, ಮಾತ್ರೆ ಶುರು ಮಾಡೋದಾ ಬೇಡವಾ?

ತುಂಗೆದಡ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮಗನಿಗೆ 8 ವರ್ಷ. ನಡೆಯೋಕೆ ಕಲಿಯೋ ಮೊದಲೇ ಓಡೋಕೆ ಕಲಿತವನು. ತೋಟಕ್ಕೆ ಕರೆದುಕೊಂಡು ಹೋದರೆ ನನ್ನ ಒಂದು ಕಣ್ಣು ಅವನ ಮೇಲೆ, ಇನ್ನೊಂದು ಬಾವಿಯ ಮೇಲೆ. ಗಂಡು ಹುಡುಗರು ಇರೋದೇ ಹೀಗೆ ಎಂದು ಸುಮ್ಮನಿದ್ದೆವು. ಶಾಲೆಗೆ ಸೇರಿದ ಮೇಲೆ ದಿನಕ್ಕೊಂದು ದೂರು. ಜಾಗದಲ್ಲಿ ಕೂರುವುದಿಲ್ಲ. ಬೇರೆಯವರನ್ನು ಕೇಳಿದ ಪ್ರಶ್ನೆಗೆ ಇವನು ಉತ್ತರ ಹೇಳುತ್ತಾನೆ. ಗೊತ್ತಿರೋ ಲೆಕ್ಕವನ್ನೂ ಅರ್ಧಕ್ಕೆ ಬಿಟ್ಟು ಕಿಟಕಿ ನೋಡುತ್ತಾನೆ. ಆರಿದ್ರಾ ಮಳೆ ಶುರುವಾದ ಮೇಲೆ ಮೂರು ಕೊಡೆ ಕಳೆದಿದ್ದಾನೆ. ಆದರೆ ಪದ್ಯ ಮಾತ್ರ ಎರಡು ಸಲ ಕೇಳಿದರೆ ಸಾಕು, ಪೂರ್ತಿ ಬಾಯಿಗೆ ಬರುತ್ತದೆ.

ಶಿವಮೊಗ್ಗಕ್ಕೆ ಹೋಗಿ ಮನೋವೈದ್ಯರಿಗೆ ತೋರಿಸಿದೆವು. ಎರಡು ಸಲ ಕರೆಸಿದರು. ನಮಗೊಂದು, ಶಾಲೆಯ ಮೇಡಂಗೊಂದು ಪ್ರಶ್ನೆಗಳ ಹಾಳೆ ಕೊಟ್ಟು ತುಂಬಿಸಿಕೊಂಡರು. ಕೊನೆಗೆ ಎಡಿಎಚ್‌ಡಿ ಎಂದರು. ಗಮನ ನಿಲ್ಲದಿರೋದು, ಚಟುವಟಿಕೆ ಅತಿಯಾಗಿರೋದು, ಎರಡೂ ಇದೆಯಂತೆ. ಮೀಥೈಲ್‌ಫೆನಿಡೇಟ್ ಎಂಬ ಮಾತ್ರೆ ಬರೆದಿದ್ದಾರೆ. ಚೀಟಿ ಹತ್ತು ದಿನದಿಂದ ದೇವರ ಗೂಡಿನಲ್ಲಿದೆ. "ಎಳೆ ಕೂಸಿಗೆ ತಲೆ ಮಾತ್ರೆ ಕೊಡೋದಾ, ನಾನಿರೋ ತನಕ ಆಗದು" ಎಂದು ಅತ್ತೆ ಹೇಳಿಬಿಟ್ಟಿದ್ದಾರೆ. ಮನೆಯವರು ಯಾವ ಕಡೆಗೂ ಮಾತಾಡುವುದಿಲ್ಲ.

ಮಕ್ಕಳಿಗೆ ಕೊಟ್ಟವರು ಯಾರಾದರೂ ಇದ್ದೀರಾ? ಕೊಡದೆ ಬೇರೆ ದಾರಿ ಹಿಡಿದವರು?

ಅಡಿಕೆಅಟ್ಟ, ಕೊಪ್ಪ

ನೇರವಾಗಿ ಹೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡಿ ಅಕ್ಕ. ನಾನು ಚಿಕ್ಕವನಿದ್ದಾಗ ಅಪ್ಪಟ ಹೀಗೇ ಇದ್ದೆ. ಕೊನೆಕೊಯ್ಲಿನ ಹೊತ್ತಿನಲ್ಲಿ ನನ್ನನ್ನು ಹಿಡಿಯೋಕೆ ಒಬ್ಬ ಆಳು ಬೇಕಿತ್ತು. ಆಗ ಇದಕ್ಕೆ ಹೆಸರೂ ಇರಲಿಲ್ಲ, ಮಾತ್ರೆಯೂ ಇರಲಿಲ್ಲ. ಈಗ ಮೊಬೈಲ್, ಟಿವಿ, ಬೇಕರಿ ತಿಂಡಿ. ಅದನ್ನು ಬಿಡಿಸಿ, ಸಕ್ಕರೆ ಕಡಿಮೆ ಮಾಡಿ, ಗದ್ದೆಯಲ್ಲಿ ಓಡಾಡಲಿಕ್ಕೆ ಬಿಡಿ. ಇದು ಪೇಟೆಯವರು ಕಂಡುಹಿಡಿದ ಕಾಯಿಲೆ ಮಾರಾಯ್ರೆ.

ನಿವೃತ್ತಮೇಷ್ಟ್ರು, ಸಾಗರ

ಅಟ್ಟದವರೇ, ಹೆಸರು ಈಚಿನದು ನಿಜ, ತೊಂದರೆ ಈಚಿನದಲ್ಲ. 1902ರಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಲಂಡನ್ನಿನಲ್ಲಿ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದಾರೆ. ಆಗ ಮೊಬೈಲ್ ಇತ್ತೇ?

ನಾನು ಪ್ರಾಥಮಿಕ ಶಾಲೆಯಲ್ಲಿ 31 ವರ್ಷ ಪಾಠ ಹೇಳಿದವನು. ನಿಮಗೊಂದು ಲೆಕ್ಕ ಕೊಡುತ್ತೇನೆ. ನಿಮ್ಮ ಜೊತೆ ಒಂದನೇ ಕ್ಲಾಸಿಗೆ ಸೇರಿದ ಹುಡುಗರಲ್ಲಿ ಏಳನೇ ಕ್ಲಾಸು ಮುಗಿಸದೆ ಬಿಟ್ಟವರು ಯಾರು ಯಾರು, ನೆನಪು ಮಾಡಿಕೊಳ್ಳಿ. ಬಡತನಕ್ಕೆ ಬಿಟ್ಟವರನ್ನು ಬದಿಗಿಡಿ. ಉಳಿದವರಲ್ಲಿ ಕೆಲವರು ದಡ್ಡರಾಗಿರಲಿಲ್ಲ. ಕೂರಲಾರದವರಾಗಿದ್ದರು. ನಾವು ಅವರನ್ನು ಬೆಂಚಿನ ಮೇಲೆ ನಿಲ್ಲಿಸಿದೆವು, ಕೋಲಿನಿಂದ ಹೊಡೆದೆವು. ಅವರು ಶಾಲೆಗೆ ಬರೋದನ್ನೇ ನಿಲ್ಲಿಸಿದರು. ನಾನೂ ಹೊಡೆದಿದ್ದೇನೆ. ಒಬ್ಬ ಹುಡುಗನ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ಹೆಸರಿಲ್ಲದ ಕಾಯಿಲೆಗೆ ಮಾತ್ರೆ ಇರಲಿಲ್ಲ, ಪೆಟ್ಟು ಇತ್ತು.

ನಿಮಗೆ ತೋಟ ಇತ್ತು, ನೀವು ಗೆದ್ದಿರಿ. ಒಳ್ಳೆಯದೇ ಆಯಿತು.

ಕಾರಣಗಿರಿ ಅಮ್ಮ, ಹೊಸನಗರ

ತಂಗಿ, ನನ್ನ ಮಗನಿಗೆ ಈಗ 11. ಎರಡು ವರ್ಷದಿಂದ ಅದೇ ಮಾತ್ರೆ ಕೊಡುತ್ತಿದ್ದೇವೆ. ಆಗಿದ್ದು ಆದ ಹಾಗೇ ಬರೆಯುತ್ತೇನೆ, ಒಳ್ಳೆಯದೂ ಕೆಟ್ಟದ್ದೂ.

ನಾವು ಅಂದುಕೊಂಡಿದ್ದು ಬಿಪಿ ಮಾತ್ರೆಯ ಹಾಗೆ ತಿಂಗಳುಗಟ್ಟಲೆ ತೆಗೆದುಕೊಂಡ ಮೇಲೆ ಗುಣ ಕಾಣುತ್ತದೆ ಎಂದು. ಇದು ಹಾಗಲ್ಲ. ಬೆಳಿಗ್ಗೆ ಕೊಟ್ಟರೆ ಮುಕ್ಕಾಲು ಗಂಟೆಯೊಳಗೆ ಗೊತ್ತಾಗುತ್ತದೆ. ಸಾದಾ ಮಾತ್ರೆ ಸುಮಾರು 4 ಗಂಟೆ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ನಿಧಾನವಾಗಿ ಬಿಡುಗಡೆಯಾಗೋ ಜಾತಿಯದೂ ಇದೆ, ಅದು ಶಾಲೆಯ ಹೊತ್ತನ್ನೆಲ್ಲ ಹಿಡಿಯುತ್ತದೆ. ಅದನ್ನು ಪುಡಿ ಮಾಡಿ ಜೇನಿನಲ್ಲಿ ಕಲಸಿ ಕೊಡೋದೆಲ್ಲ ಮಾಡಬಾರದು. ನಾನು ಮಾಡಿ ಬೈಸಿಕೊಂಡಿದ್ದೇನೆ.

ಮೊದಲ ಎಂಟು ದಿನ ಹುಡುಗ ಮಂಕಾಗಿ ಕೂತುಬಿಟ್ಟ. ಗೋಡೆ ನೋಡುತ್ತಾ ಕೂರುತ್ತಿದ್ದ. ಶಾಲೆಯವರಿಗೆ ಖುಷಿಯೋ ಖುಷಿ. ನನಗೆ ಕರುಳು ಕಿತ್ತುಬಂತು. ಮಾತ್ರೆ ಬಿಸಾಡೋಣ ಎಂದೇ ಫೋನು ಮಾಡಿದ್ದು. ಡಾಕ್ಟ್ರು ಒಂದೇ ಮಾತು ಹೇಳಿದರು: "ಮಂಕಾದರೆ ಗುಣ ಅಂತ ತಿಳಿಯಬೇಡಿ, ಡೋಸ್ ಜಾಸ್ತಿಯಾಗಿದೆ." ಕಡಿಮೆ ಮಾಡಿದರು. ಆಮೇಲೆ ನಮ್ಮ ಹುಡುಗ ನಮ್ಮ ಹುಡುಗನಾಗಿಯೇ ಇದ್ದ. ಅದೇ ತುಂಟ, ಅದೇ ಪ್ರಶ್ನೆ. ಆದರೆ ಬರೆಯೋಕೆ ಕೂತರೆ ಪುಟ ಮುಗಿಸುತ್ತಿದ್ದ.

ದೊಡ್ಡ ತೊಂದರೆ ಹಸಿವಿನದು. ಮಧ್ಯಾಹ್ನದ ಊಟ ಡಬ್ಬಿಯಲ್ಲೇ ವಾಪಸು. ನಾನು ಕಂಡುಕೊಂಡ ದಾರಿ ಇಷ್ಟು: ಮಾತ್ರೆಗೆ ಮೊದಲು ಹೊಟ್ಟೆ ತುಂಬ ತಿಂಡಿ. ಕಡುಬು, ಚಟ್ನಿ, ಮೇಲೆ ತುಪ್ಪ. ಸಂಜೆ ಐದಕ್ಕೆ ಔಷಧ ಇಳಿದ ಮೇಲೆ ಹಸಿವು ಹುಲಿಯ ಹಾಗೆ ಬರುತ್ತದೆ, ಆಗ ಒಂದು ಊಟ. ಮಲಗೋ ಮುಂಚೆ ಹಾಲು ಅವಲಕ್ಕಿ. ಅಡುಗೆಮನೆ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲಿನಿಂದ ಮೂರು ತಿಂಗಳಿಗೊಮ್ಮೆ ಎತ್ತರದ ಗೀಟು ಎಳೆಯುತ್ತೇನೆ. ಕೆಲವು ಮಕ್ಕಳಲ್ಲಿ ಬೆಳವಣಿಗೆ ಸ್ವಲ್ಪ ನಿಧಾನವಾಗುತ್ತದೆ, ಅದಕ್ಕೇ ಪ್ರತಿ ಸಲ ತೂಕ, ಎತ್ತರ, ಬಿಪಿ, ನಾಡಿ ನೋಡುತ್ತಾರೆ. ನೋಡದಿದ್ದರೆ ನೀವೇ ಕೇಳಿ.

ಇನ್ನೊಂದು. ಸಂಜೆ ಔಷಧ ಇಳಿಯೋ ಹೊತ್ತಿಗೆ ಅರ್ಧ ಗಂಟೆ ಸುಮ್ನೆ ಅಳು, ಸಿಟ್ಟು. ಆ ಹೊತ್ತಿನಲ್ಲಿ ನಾನು ಹೋಮ್‌ವರ್ಕ್ ಹೆಸರೇ ಎತ್ತುವುದಿಲ್ಲ.

ಮೆಟ್ಟುಗತ್ತಿ, ತುಮರಿ

ಅಕ್ಕ, ನಾವು ಕೊಡದೆ ಬೇರೆ ದಾರಿ ಹಿಡಿದವರು. ಕೇಳಿ ನಗಬೇಡಿ.

ಸಿಗಂದೂರಿನ ಸೇತುವೆ ಶುರುವಾಗಿದ್ದು 2025ರ ಜುಲೈಯಲ್ಲಿ. ನಾನು ಹೇಳೋದು ಅದಕ್ಕೂ ಮುಂಚಿನದು, ಲಾಂಚಿನ ಕಾಲದ್ದು. ಸಂಜೆಯ ಕೊನೆ ಲಾಂಚು ತಪ್ಪಿದರೆ ಅವತ್ತು ಮನೆ ಇಲ್ಲ. ಅಷ್ಟು ಕಷ್ಟದಲ್ಲಿ ವಾರಕ್ಕೊಂದು ದಿನ ಹೊಳೆ ದಾಟಿ ಪೇಟೆಯ ಒಂದು ಕ್ಲಾಸಿಗೆ ಮಗನನ್ನು ಕರೆದುಕೊಂಡು ಹೋಗುತ್ತಿದ್ದೆ. ಮಿಡ್‌ಬ್ರೈನ್ ಆ್ಯಕ್ಟಿವೇಷನ್ ಅಂತೆ. ಕಣ್ಣಿಗೆ ಬಟ್ಟೆ ಕಟ್ಟಿ ಬಣ್ಣ ಗುರುತಿಸೋದು, ಪುಸ್ತಕ ಓದೋದು. ಇದರಿಂದ ಏಕಾಗ್ರತೆ ಬರುತ್ತದೆ ಎಂದರು. ಒಂದು ಕೊಯ್ಲಿನ ಚಾಲಿ ಅಡಿಕೆ ದುಡ್ಡು ಅದಕ್ಕೇ ಹೋಯಿತು.

ಕೊನೆಗೆ ಗುಟ್ಟು ಹೇಳಿದ್ದು ಮಗನೇ. "ಅಪ್ಪ, ಮೂಗಿನ ಪಕ್ಕದ ಸಂದಿಯಲ್ಲಿ ಎಲ್ಲ ಕಾಣುತ್ತೆ. ಎಲ್ಲರೂ ಹಾಗೇ ನೋಡೋದು. ನಾನು ಹೇಳಿದರೆ ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ನಿದ್ದೆ."

ಏಕಾಗ್ರತೆ ಬರಲಿಲ್ಲ. ಮಗ ನನ್ನನ್ನು ಎಷ್ಟು ಚೆನ್ನಾಗಿ ಗಮನಿಸುತ್ತಾನೆ ಎಂದು ಮಾತ್ರ ಗೊತ್ತಾಯಿತು.

ಅಡಿಕೆಅಟ್ಟ, ಕೊಪ್ಪ

ಹ್ಹ ಹ್ಹ. ಹುಡುಗ ಜಾಣ. ಅವನಿಗೆ ಯಾವ ಕಾಯಿಲೆಯೂ ಇಲ್ಲ!

ಮಕ್ಕಳಡಾಕ್ಟರ್, ಶಿವಮೊಗ್ಗ

ಇಲ್ಲಿ ಯಾರ ಮಗುವಿಗೂ ಡೋಸ್ ಹೇಳುವುದಿಲ್ಲ. ಕೇಳಲೂಬೇಡಿ. ಆದರೆ ಕೆಲವು ಮಾತು ಹೇಳಲೇಬೇಕು.

ಇದಕ್ಕೆ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಹಾಗೆಂದು ಬಾಯಿಗೆ ಬಂದ ಹಾಗೆ ಹೇಳೋದೂ ಅಲ್ಲ. ಲಕ್ಷಣಗಳು 12 ವರ್ಷಕ್ಕೆ ಮುಂಚೆ ಶುರುವಾಗಿರಬೇಕು, ಕನಿಷ್ಠ 6 ತಿಂಗಳಿಂದ ಇರಬೇಕು, ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಶಾಲೆಯಲ್ಲಿ ಮಾತ್ರ ತೊಂದರೆ ಎಂದರೆ ಶಾಲೆಯನ್ನೂ ನೋಡಬೇಕಾಗುತ್ತದೆ. ತೀರ್ಥಹಳ್ಳಿಯವರಿಗೆ ಎರಡು ಸಲ ಕರೆಸಿ, ಮೇಡಂ ಹತ್ತಿರವೂ ಹಾಳೆ ತುಂಬಿಸಿದ್ದು ಸರಿಯಾದ ಕ್ರಮ. ಐದು ನಿಮಿಷದಲ್ಲಿ ಹೇಳಿ ಕಳಿಸಿದ್ದರೆ ಇನ್ನೊಬ್ಬರಿಗೆ ತೋರಿಸಿ ಎನ್ನುತ್ತಿದ್ದೆ.

ಕಿವಿ, ಕಣ್ಣು ನೋಡಿಸಿ. ರಾತ್ರಿ ಗೊರಕೆ ಹೊಡೆಯುತ್ತಾನಾ? ಅಡಿನಾಯ್ಡ್, ಅಂದರೆ ಮೂಗಿನ ಹಿಂದಿನ ಗಡ್ಡೆ, ಊದಿಕೊಂಡು ನಿದ್ದೆ ಕೆಟ್ಟ ಮಗುವೂ ಹಗಲು ಹೀಗೇ ಆಡುತ್ತದೆ. ರಕ್ತ ಕಡಿಮೆ ಇದೆಯಾ? ಕೆಲವು ಸೆಕೆಂಡು ಕಣ್ಣು ನೆಟ್ಟು, ಕರೆದರೂ ತಿಳಿಯದೆ ಇರುತ್ತಾನಾ? ಅದು ಒಂದು ಬಗೆಯ ಫಿಟ್ಸ್ ಇರಬಹುದು, ಅದಕ್ಕೆ ಔಷಧವೇ ಬೇರೆ. ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹೃದಯದ ತೊಂದರೆಯಿಂದ ತಟ್ಟನೆ ತೀರಿಹೋದವರಿದ್ದರೆ ಮಾತ್ರೆಗೆ ಮುಂಚೆ ಹೇಳಲೇಬೇಕು.

ಸಕ್ಕರೆ ಬಗ್ಗೆ: 1995ರಲ್ಲೇ ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ್ದಾರೆ. ಯಾರಿಗೆ ಸಕ್ಕರೆ, ಯಾರಿಗೆ ಬರೀ ಸಿಹಿ ರುಚಿ ಎಂದು ತಾಯಂದಿರಿಗೂ ಹೇಳದೆ ಕೊಟ್ಟರೆ ಮಕ್ಕಳ ನಡವಳಿಕೆಯಲ್ಲಿ ವ್ಯತ್ಯಾಸ ಸಿಗಲಿಲ್ಲ. ಹಲ್ಲಿಗೋಸ್ಕರ ಕಡಿಮೆ ಮಾಡಿ, ಇದಕ್ಕೋಸ್ಕರ ಅಲ್ಲ.

ಕಾರಣಗಿರಿ ಅಮ್ಮ, ಹೊಸನಗರ

ಡಾಕ್ಟ್ರೇ, ಮಾತ್ರೆ ಇಲ್ಲದೆ ಬರೀ ತರಬೇತಿಯಿಂದ ಆಗುತ್ತದಾ? ಎಷ್ಟೋ ಜನ ನನ್ನನ್ನು ಕೇಳುತ್ತಾರೆ.

ಮಕ್ಕಳಡಾಕ್ಟರ್, ಶಿವಮೊಗ್ಗ

ವಯಸ್ಸಿನ ಮೇಲೆ ಹೋಗುತ್ತದೆ. 6 ವರ್ಷದೊಳಗಿನ ಮಗುವಾದರೆ ಮೊದಲು ಅಪ್ಪ ಅಮ್ಮನಿಗೆ ತರಬೇತಿ, ಮಾತ್ರೆ ಆಮೇಲೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರಲ್ಲಿ ಹೇಳಿದ್ದೂ ಅದನ್ನೇ. ಅದಕ್ಕಿಂತ ದೊಡ್ಡವರಿಗೆ ಎರಡೂ ಸೇರಿದರೆ ಒಳ್ಳೆಯದು.

ಎಂಟಿಎ ಎಂಬ ಒಂದು ದೊಡ್ಡ ಅಧ್ಯಯನ ಇದೆ, ಫಲಿತಾಂಶ ಬಂದಿದ್ದು 1999ರಲ್ಲಿ. 7ರಿಂದ 9 ವರ್ಷದ 579 ಮಕ್ಕಳನ್ನು ನಾಲ್ಕು ಗುಂಪು ಮಾಡಿ 14 ತಿಂಗಳು ನೋಡಿದರು. ಔಷಧದ ಗುಂಪು, ಔಷಧ ಮತ್ತು ತರಬೇತಿ ಎರಡೂ ಸಿಕ್ಕ ಗುಂಪು ಮುಂದೆ ಬಂದವು. ಬರೀ ತರಬೇತಿಯ ಗುಂಪು ಸ್ವಲ್ಪ ಹಿಂದೆ. ಇದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯ ಅನಿಸೋದು ನಾಲ್ಕನೇ ಗುಂಪು. ಅವರು ತಮ್ಮ ಊರಿನ ಡಾಕ್ಟರ ಹತ್ತಿರ ಮಾಮೂಲಿ ಚಿಕಿತ್ಸೆ ತೆಗೆದುಕೊಂಡವರು. ಅವರಲ್ಲೂ ಹೆಚ್ಚಿನ ಮಕ್ಕಳು ಇದೇ ಜಾತಿಯ ಮಾತ್ರೆ ನುಂಗುತ್ತಿದ್ದರು. ಆದರೂ ಅಷ್ಟು ಗುಣ ಕಾಣಲಿಲ್ಲ. ಯಾಕೆ? ಅಧ್ಯಯನದ ಔಷಧದ ಗುಂಪಿನವರನ್ನು ತಿಂಗಳು ತಿಂಗಳು ಕರೆಸಿ, ಮೇಷ್ಟ್ರ ಹತ್ತಿರ ಕೇಳಿ, ಡೋಸ್ ಸರಿ ಮಾಡುತ್ತಿದ್ದರು. ಇವರನ್ನು ಹಾಗೆ ಯಾರೂ ನೋಡಲಿಲ್ಲ.

ಆ ನಿಗಾ ನಿಂತ ಮೇಲೆ, ಮೂರನೇ ವರ್ಷದ ಹೊತ್ತಿಗೆ, ಗುಂಪುಗಳ ನಡುವೆ ವ್ಯತ್ಯಾಸವೇ ಉಳಿದಿರಲಿಲ್ಲ. ಹಾಗಾಗಿ "ಮಾತ್ರೆ ಕೊಡೋದಾ ಬೇಡವಾ" ಎಂದು ನೀವು ಕೇಳಿದರೆ ನಾನು ತಿರುಗಿ ಕೇಳೋದು "ತಿಂಗಳು ತಿಂಗಳು ಬಂದು ತೋರಿಸುತ್ತೀರಾ" ಎಂದು.

ಮೆಟ್ಟುಗತ್ತಿ, ತುಮರಿ

ಇದು ಸರಿ. ನಮ್ಮ ಕಡೆಯವರಿಗೆ ಕಷ್ಟ ಇರೋದೇ ಅಲ್ಲಿ. ಮಾತ್ರೆ ನುಂಗೋದು ಅರ್ಧ ನಿಮಿಷ. ಡಾಕ್ಟ್ರ ಹತ್ತಿರ ಹೋಗಿ ಬರೋಕೆ ಒಂದು ದಿನ ಪೂರ್ತಿ, ಒಂದು ದಿನದ ಕೂಲಿ, ಮಗನ ಶಾಲೆ. ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ.

ನಿವೃತ್ತಮೇಷ್ಟ್ರು, ಸಾಗರ

ಸಾಗರ, ಹೊಸನಗರದ ಕಡೆಯವರು ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯದ ಬಗ್ಗೆ ಕೇಳಿ ನೋಡಿ. ಮಂಗಳವಾರ ಮನೋವೈದ್ಯರು ತಾಲೂಕಿಗೇ ಬಂದು ನೋಡೋ ಸರ್ಕಾರಿ ಕಾರ್ಯಕ್ರಮ ಅದು. ಯಾವ ಮಂಗಳವಾರ ಎಂದು ಮೊದಲೇ ತಿಳಿದುಕೊಂಡು ಹೋಗಿ, ಸುಮ್ನೆ ಹೋಗಿ ವಾಪಸು ಬರಬೇಡಿ. ಶಿವಮೊಗ್ಗದ ಮೆಗ್ಗಾನ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ಸರ್ಕಾರಿ ಶಾಲೆಗೆ, ಅಂಗನವಾಡಿಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ಎಂಬ ಸರ್ಕಾರಿ ತಂಡದವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಕೂಡ ಇದೆ. ಅವರು ಬಂದ ದಿನ ಮೇಷ್ಟ್ರೇ ಮಗುವನ್ನು ತೋರಿಸಬಹುದು. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ 14416ಕ್ಕೆ ಫೋನು ಮಾಡಿ, ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. ಡಾ. ಕಟೀಲ್ ಅಶೋಕ್ ಪೈ ಶಿವಮೊಗ್ಗದಲ್ಲಿ ಕೂತು ಮನಸ್ಸಿನ ಕಾಯಿಲೆ ಬಗ್ಗೆ ಕನ್ನಡದಲ್ಲಿ ಬರೆದೂ ಬರೆದೂ ಜನರ ಭಯ ಬಿಡಿಸಿದವರು. 2016ರಲ್ಲಿ ತೀರಿಕೊಂಡರು. ಅಷ್ಟಾದರೂ ನಾವು ಚೀಟಿಯನ್ನು ದೇವರ ಗೂಡಿನಲ್ಲಿ ಇಡುತ್ತೇವೆ.

ತುಂಗೆದಡ, ತೀರ್ಥಹಳ್ಳಿ

ಮೇಷ್ಟ್ರೇ, ಬೈದಿರೋ ಹೇಳಿದಿರೋ ಗೊತ್ತಾಗಲಿಲ್ಲ 🙂 ಚೀಟಿ ಇವತ್ತು ಗೂಡಿನಿಂದ ಕೆಳಗೆ ಇಳಿಯಿತು.

ಹಸಿರುಬೇಲಿ, ಶೃಂಗೇರಿ

ಇಷ್ಟೆಲ್ಲ ಬರೆದಿದ್ದೀರಿ, ಹಿತ್ತಿಲಲ್ಲಿ ಬೆಳೆಯೋ ಒಂದೆಲಗದ ಹೆಸರು ಯಾರೂ ಎತ್ತಲಿಲ್ಲ. ದಿನಾ ಖಾಲಿ ಹೊಟ್ಟೆಗೆ ಐದು ಎಲೆ, ಮಧ್ಯಾಹ್ನ ತಂಬುಳಿ. ನೆನಪಿಗೂ ಏಕಾಗ್ರತೆಗೂ ಇದಕ್ಕಿಂತ ಬೇಕಾ? ನಮ್ಮ ಅಜ್ಜಿಯರು ದಡ್ಡರೇನೂ ಆಗಿರಲಿಲ್ಲ.

ಮಕ್ಕಳಡಾಕ್ಟರ್, ಶಿವಮೊಗ್ಗ

ನಮ್ಮನೆಯಲ್ಲೂ ವಾರಕ್ಕೆರಡು ದಿನ ಅದೇ ತಂಬುಳಿ. ಒಂದು ಗೊಂದಲ ಇದೆ, ಬಿಡಿಸುತ್ತೇನೆ. ನಾವು ಬ್ರಾಹ್ಮಿ ಎಂದು ತಿನ್ನೋ ಒಂದೆಲಗವೇ ಬೇರೆ, ನೀರು ಬ್ರಾಹ್ಮಿ ಎಂಬ ಗಿಡವೇ ಬೇರೆ. ನೆನಪಿನ ಶಕ್ತಿಯ ಪ್ರಯೋಗಗಳು ಜಾಸ್ತಿ ನಡೆದಿರೋದು ಎರಡನೆಯದರ ಮೇಲೆ, ಅವೂ ಸಣ್ಣವು. ಎಡಿಎಚ್‌ಡಿಗೆ ಇದೇ ಚಿಕಿತ್ಸೆ ಎನ್ನುವಷ್ಟು ಆಧಾರ ಇಲ್ಲ. ಊಟದಲ್ಲಿ ಹಾಕಿ, ತೊಂದರೆ ಇಲ್ಲ. ಪೇಟೆಯಲ್ಲಿ ಸಿಗೋ ಪುಡಿ, ಲೇಹ್ಯ ಕೊಡೋದಾದರೆ ಮಾತ್ರ ಮಾತ್ರೆ ಬರೆದವರಿಗೆ ತಿಳಿಸಿ.

ಹಾಲುಕ್ಕಿತು, ಸಾಗರ

ನಾನು ಇಲ್ಲಿ ಓದೋದು ಮಾತ್ರ, ಬರೆಯೋದು ಇದೇ ಮೊದಲು. ನನಗೆ 36. ಎರಡು ವರ್ಷದ ಹಿಂದೆ ನನಗೇ ಎಡಿಎಚ್‌ಡಿ ಎಂದರು.

ನಾನು ಯಾವತ್ತೂ ಓಡಾಡಿದ ಹುಡುಗಿಯಲ್ಲ. ಮೂಲೆ ಬೆಂಚಿನಲ್ಲಿ ಸುಮ್ನೆ ಕೂತು ಎಲ್ಲೋ ಇರುತ್ತಿದ್ದೆ. ಗಲಾಟೆ ಮಾಡದ ಹುಡುಗಿಯನ್ನು ಯಾರೂ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋಗುವುದಿಲ್ಲ ಅಲ್ವಾ? ಸೋಮಾರಿ, ಮರೆಗುಳಿ, ಗಂಡನ ಮನೆಯಲ್ಲಿ ಹೇಗೆ ಬಾಳುತ್ತಾಳೋ, ಇಷ್ಟೇ ಕೇಳಿದ್ದು. ಒಲೆ ಮೇಲೆ ಹಾಲಿಟ್ಟು ಅಂಗಳಕ್ಕೆ ಹೋದರೆ ಮುಗಿಯಿತು. ಮದುವೆಯಾದ ಮೇಲೆ ನಾನು ಉಕ್ಕಿಸಿದ ಹಾಲಿನಲ್ಲಿ ಒಂದು ಎಮ್ಮೆ ಸಾಕಬಹುದಿತ್ತು. ಮಗಳಿಗೆ ತೋರಿಸಲು ಹೋದಾಗ ಡಾಕ್ಟ್ರು ಕೇಳಿದ ಪ್ರಶ್ನೆಗೆಲ್ಲ ನನ್ನ ಬಗ್ಗೆಯೇ ಉತ್ತರ ಹೇಳುತ್ತಿದ್ದೆ.

ನನಗೆ ಕೊಟ್ಟಿರೋದು ಅಟಾಮಾಕ್ಸೆಟಿನ್. ಇದು ಮೀಥೈಲ್‌ಫೆನಿಡೇಟ್ ಜಾತಿಯದ್ದಲ್ಲ. ಅಂದೇ ಕೆಲಸ ಮಾಡುವುದಿಲ್ಲ, ಪೂರ್ತಿ ಗುಣ ಗೊತ್ತಾಗೋಕೆ 4ರಿಂದ 6 ವಾರ ಬೇಕು. ದಿನಾ ತಪ್ಪದೆ ತೆಗೆದುಕೊಳ್ಳಬೇಕು. ಮೊದಲ ಎರಡು ವಾರ ವಾಕರಿಕೆ ಎಷ್ಟಿತ್ತೆಂದರೆ ಅತ್ತೆ ಬೇರೇನೋ ಅಂದುಕೊಂಡು ಖುಷಿಪಟ್ಟರು. ಊಟದ ಜೊತೆ ತೆಗೆದುಕೊಂಡ ಮೇಲೆ ಸರಿಹೋಯಿತು. ಕ್ಯಾಪ್ಸೂಲ್ ಬಿಚ್ಚಬೇಡಿ, ಒಳಗಿನ ಪುಡಿ ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಮನಸ್ಸು ತೀರಾ ಕುಗ್ಗಿದರೆ, ಸಾಯೋ ಯೋಚನೆ ಬಂದರೆ ತಕ್ಷಣ ತಿಳಿಸಬೇಕು ಎಂದು ಮೊದಲೇ ಹೇಳಿದ್ದರು. ಮಕ್ಕಳಿಗೆ, ಹರೆಯದವರಿಗೆ ಕೊಡುವಾಗ ಈ ಎಚ್ಚರ ಇನ್ನೂ ಮುಖ್ಯವಂತೆ. ನನಗೆ ಹಾಗೇನೂ ಆಗಲಿಲ್ಲ.

ಹಾಲು ಈಗಲೂ ಉಕ್ಕುತ್ತದೆ. ವಾರಕ್ಕೊಂದು ಸಲ.

ಅಡಿಕೆಅಟ್ಟ, ಕೊಪ್ಪ

ಒಂದು ಪ್ರಶ್ನೆ ಕೇಳುತ್ತೇನೆ, ಹಟಕ್ಕಲ್ಲ. ಇದು ಚಟ ಹಿಡಿಸೋ ಔಷಧ ಅಲ್ಲವೇ? ಗಾಂಜಾದ ಕಾನೂನಿನಲ್ಲೇ ಇದೂ ಬರುತ್ತದೆ ಎಂದು ಓದಿದೆ.

ಗುಳಿಗೆಅಂಗಡಿ, ಭದ್ರಾವತಿ

ಇದಕ್ಕೆ ನಾನು ಹೇಳಬಹುದು, ಔಷಧದ ಅಂಗಡಿ ಇಟ್ಟವನು. ನೀವು ಓದಿದ್ದು ನಿಜ. 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಮೀಥೈಲ್‌ಫೆನಿಡೇಟ್ ಇದೆ. ಔಷಧ ನಿಯಮದಲ್ಲಿ ಷೆಡ್ಯೂಲ್ ಎಕ್ಸ್‌ಗೆ ಸೇರಿದ್ದು. ಅಂದರೆ ಬೀಗ ಹಾಕಿದ ಬೀರುವಿನಲ್ಲಿ ಇಡಬೇಕು, ಚೀಟಿ ಎರಡು ಪ್ರತಿ ಬೇಕು, ಒಂದನ್ನು ನಾವು 2 ವರ್ಷ ಇಟ್ಟುಕೊಳ್ಳಬೇಕು. ಇದಕ್ಕೆ ಬೇರೆ ಲೈಸೆನ್ಸೇ ಬೇಕು. ಹಾಗಾಗಿ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ನನ್ನಲ್ಲೂ ಇಲ್ಲ. "ಇಲ್ಲ" ಎಂದಾಗ ತಾಯಂದಿರು ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿ ಹೋಗುತ್ತಾರೆ. ತಗ್ಗಿಸಬೇಡಿ. ಚೀಟಿ ಬರೆದವರನ್ನೇ "ಯಾವ ಅಂಗಡಿಯಲ್ಲಿ ಇಡುತ್ತಾರೆ" ಎಂದು ಕೇಳಿ. ಹತ್ತು ಮಾತ್ರೆ ಉಳಿದಿರುವಾಗಲೇ ಮುಂದಿನದಕ್ಕೆ ಹೊರಡಿ.

ಮಕ್ಕಳಡಾಕ್ಟರ್, ಶಿವಮೊಗ್ಗ

ಚಟದ ಬಗ್ಗೆ: ಬೇರೆಯವರು ಅಮಲಿಗೆ, ಪರೀಕ್ಷೆಗೆ ರಾತ್ರಿಯೆಲ್ಲ ಓದೋಕೆ ದುರುಪಯೋಗ ಮಾಡಬಹುದು. ಅದಕ್ಕೇ ಬೀಗ. ಹೇಳಿದ ಪ್ರಮಾಣದಲ್ಲಿ ಬಾಯಲ್ಲಿ ತೆಗೆದುಕೊಳ್ಳೋ ಮಗು ಚಟಕ್ಕೆ ಬೀಳುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮಕ್ಕಳು ದಿನಾ ಮರೆಯೋ ಮಾತ್ರೆ ಇದು. ಚಟದ ವಸ್ತುವನ್ನು ಯಾರಾದರೂ ಮರೆಯುತ್ತಾರಾ? ಆದರೂ ಮಾತ್ರೆ ದೊಡ್ಡವರ ಕೈಯಲ್ಲೇ ಇರಲಿ.

ತುಂಗೆದಡ, ತೀರ್ಥಹಳ್ಳಿ (ಐದು ವಾರದ ನಂತರ)

ಎಲ್ಲರಿಗೂ ಹೇಳಬೇಕಿತ್ತು, ಹಬ್ಬದ ಗಡಿಬಿಡಿಯಲ್ಲಿ ತಡವಾಯಿತು.

ಮಾತ್ರೆ ಶುರು ಮಾಡಿದೆವು. ಅದಕ್ಕೂ ಮುಂಚೆ ಮೂವರೂ ಹೋದೆವು, ಮನೆಯವರನ್ನೂ ಎಳೆದುಕೊಂಡು. "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತಾ" ಎಂದು ಡಾಕ್ಟ್ರು ಕೇಳಿದರು. ನಾನು ನನ್ನ ತಮ್ಮನ ಹೆಸರು ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ಇವರು, ಹತ್ತು ವರ್ಷದಲ್ಲಿ ನಾನು ಕೇಳದ ದನಿಯಲ್ಲಿ, "ನನಗೆ" ಎಂದರು. ಶಾಲೆಯಲ್ಲಿ ಕೈಗೆ ಬೀಳುತ್ತಿದ್ದ ಪೆಟ್ಟು, ಎಸ್ಸೆಸ್ಸೆಲ್ಸಿ ಮೂರು ಸಲ ಕಟ್ಟಿದ್ದು, ಎಲ್ಲ ಹೇಳಿದರು. ಇದು ವಂಶದಲ್ಲಿ ಬಲವಾಗಿ ಹರಿದು ಬರುತ್ತದಂತೆ. ಬಸ್ಸಿನಲ್ಲಿ ವಾಪಸು ಬರುವಾಗ ಮಂಡಗದ್ದೆ ದಾಟೋವರೆಗೂ ಮಗನ ಕೈ ಹಿಡಿದುಕೊಂಡೇ ಕೂತಿದ್ದರು. ಇವರು ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ ಎಂದು ಆಗ ತಿಳಿಯಿತು.

ತರಬೇತಿ ಎಂದರೆ ಮಗನಿಗೆ ಎಂದುಕೊಂಡಿದ್ದೆ. ನಮಗಂತೆ! "ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಚೀಲ ಒಳಗಿಟ್ಟು, ಕಾಫಿ ಕುಡಿ ಬಾ" ಎಂದು ಬಾಗಿಲಲ್ಲೇ ಒಂದೇ ಉಸಿರಿಗೆ ಹೇಳುತ್ತಿದ್ದೆ. ಅವನ ತಲೆಯಲ್ಲಿ ಉಳಿಯುತ್ತಿದ್ದದ್ದು ಕಾಫಿ ಒಂದೇ. ಈಗ ಹತ್ತಿರ ಹೋಗಿ, ಕಣ್ಣು ನೋಡಿ, ಒಂದು ಸಲಕ್ಕೆ ಒಂದೇ ಕೆಲಸ. ಮಾಡಿದ ಕೂಡಲೇ ಹೊಗಳಬೇಕು, ಸಂಜೆಗೆ ಸಾಲ ಇಡಬಾರದು. ಮಾಡಿದ ಕೆಲಸಕ್ಕೆಲ್ಲ ಒಂದು ಡಬ್ಬಿಗೆ ಒಂದು ಹುಣಸೆ ಬೀಜ. ಇಪ್ಪತ್ತು ಬೀಜಕ್ಕೆ ಅಪ್ಪನ ಜೊತೆ ಹೊಳೆ ದಂಡೆಗೆ. ಹೋಮ್‌ವರ್ಕ್ ಹತ್ತು ನಿಮಿಷ, ಅಂಗಳ ಎರಡು ಸುತ್ತು, ಮತ್ತೆ ಹತ್ತು ನಿಮಿಷ. ಶಾಲೆಯ ಮೇಡಂ ಅವನನ್ನು ಕಿಟಕಿಯಿಂದ ತೆಗೆದು ಮುಂದಿನ ಬೆಂಚಿಗೆ ಹಾಕಿದ್ದಾರೆ. ಕೂತು ಸಾಕಾದಾಗ ಬೋರ್ಡ್ ಒರೆಸೋ ಕೆಲಸ ಕೊಡುತ್ತಾರೆ. ಅದು ಅವರದೇ ಉಪಾಯ.

ಪವಾಡ ಏನೂ ಆಗಿಲ್ಲ. ನಾಲ್ಕನೇ ಕೊಡೆ ಕಳೆದಿದ್ದಾನೆ. ತೂಕ ಅರ್ಧ ಕೆಜಿ ಇಳಿದಿದೆ, ಹೊಸನಗರದ ಅಕ್ಕ ಹೇಳಿದ ಹಾಗೆ ತುಪ್ಪದ ಕಡುಬು ನಡೆಯುತ್ತಿದೆ. ಆದರೆ ಮೊನ್ನೆ ಲೆಕ್ಕದ ಹಾಳೆ ತಂದು ತೋರಿಸಿದ. ಹತ್ತಕ್ಕೆ ಹತ್ತನ್ನೂ ಮಾಡಿದ್ದ. ಮೂರು ತಪ್ಪು. ನನಗೆ ತಪ್ಪು ಕಾಣಲೇ ಇಲ್ಲ.

ಅತ್ತೆ ಒಪ್ಪಿದ್ದಾರೆ ಎನ್ನೋಕೆ ಬರುವುದಿಲ್ಲ. ದಿನಾ ತಂಬುಳಿ ಮಾಡುತ್ತಾರೆ. ಮೊನ್ನೆ ಪಕ್ಕದ ಮನೆಯವರಿಗೆ "ಒಂದೆಲಗ ಕೊಟ್ಟ ಮೇಲೆ ನಮ್ಮ ಹುಡುಗ ಎಷ್ಟು ತಹಬಂದಿಗೆ ಬಂದ ನೋಡು" ಎನ್ನುತ್ತಿದ್ದರು. ಬೆಳಿಗ್ಗೆ ನಾನು ಮರೆತರೆ ಮಾತ್ರೆ ನೆನಪಿಸೋದೂ ಅವರೇ.

ಹಾಲುಕ್ಕಿತು, ಸಾಗರ

ನಿಮ್ಮ ಮನೆಯವರ ವಿಷಯ ಓದಿ ಅಳು ಬಂತು. ಅವರಿಗೂ ಒಂದು ಸಲ ತೋರಿಸಿಬಿಡಿ.

ಹಸಿರುಬೇಲಿ, ಶೃಂಗೇರಿ

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಒಂದೆಲಗ ಗೆದ್ದಿತು 🙂

ಕಾರಣಗಿರಿ ಅಮ್ಮ, ಹೊಸನಗರ

ದಸರಾ ರಜೆಯಲ್ಲಿ ಮಾತ್ರೆ ನಿಲ್ಲಿಸೋದಾ ಎಂದು ಈಗಲೇ ಕೇಳಿಟ್ಟುಕೊಳ್ಳಿ ತಂಗಿ. ನಮ್ಮವರು ರಜೆಯಲ್ಲಿ ಬಿಡಿಸುತ್ತಾರೆ, ಆಗ ತೂಕ ಏರುತ್ತದೆ. ಎಲ್ಲರಿಗೂ ಹಾಗೆ ಹೇಳುವುದಿಲ್ಲ. ಹಾಲುಕ್ಕಿತು ಅವರು ತೆಗೆದುಕೊಳ್ಳೋ ಮಾತ್ರೆಯನ್ನಂತೂ ಹಾಗೆ ಬಿಟ್ಟು ಹಿಡಿಯೋಕಾಗುವುದಿಲ್ಲ.

ಅಡಿಕೆಅಟ್ಟ, ಕೊಪ್ಪ

ಅಕ್ಕ, ಮೇಷ್ಟ್ರು ಕೊಟ್ಟ ಲೆಕ್ಕ ಮಾಡಿದೆ. ನಮ್ಮ ಕ್ಲಾಸಿನಲ್ಲಿ ಮೂರು ಜನ. ಒಬ್ಬ ಈಗ ನಮ್ಮ ತೋಟಕ್ಕೇ ಕೊನೆ ತೆಗೆಯೋಕೆ ಬರುತ್ತಾನೆ. ಮರ ಹತ್ತಿದರೆ ಅವನಷ್ಟು ಗಮನ ಇಟ್ಟು ಕೆಲಸ ಮಾಡೋರು ಸುತ್ತಮುತ್ತ ಯಾರೂ ಇಲ್ಲ. ಅವನ ಮಗಳು ನಾಲ್ಕನೇ ಕ್ಲಾಸು. ಓದು ಬರಹ ಎರಡೂ ಹಿಂದೆ, ಅಕ್ಷರ ತಿರುಗುಮುರುಗು ಬರೆಯುತ್ತಾಳೆ. ಮುಂದೆ ಪರೀಕ್ಷೆಯಲ್ಲಿ ಇಂಥವರಿಗೆ ಏನಾದರೂ ರಿಯಾಯಿತಿ ಸಿಗುತ್ತದಾ?

ನಿವೃತ್ತಮೇಷ್ಟ್ರು, ಸಾಗರ

ಸಿಗಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ. ಎಡಿಎಚ್‌ಡಿ ತನ್ನದೇ ಹೆಸರಿನಲ್ಲಿ ಅದರಲ್ಲಿಲ್ಲ. ಕಲಿಕೆಯ ನ್ಯೂನತೆ ಇದೆ, ಎಷ್ಟೋ ಮಕ್ಕಳಲ್ಲಿ ಎರಡೂ ಜೊತೆಗಿರುತ್ತವೆ. ನೀವು ಹೇಳಿದ್ದು ಕೇಳಿದರೆ ಅದನ್ನೇ ಮೊದಲು ಪರೀಕ್ಷೆ ಮಾಡಿಸಬೇಕು. ಸರ್ಟಿಫಿಕೇಟು ಎಸ್ಸೆಸ್ಸೆಲ್ಸಿ ವರ್ಷಕ್ಕೆ ಓಡಾಡಿ ಮಾಡಿಸೋದಲ್ಲ, ಈಗಿನಿಂದಲೇ ಕಾಗದ ಇಟ್ಟುಕೊಂಡು ಬರಬೇಕು. ಜಿಲ್ಲೆಯಲ್ಲಿ ತೀರ್ಮಾನ ಆಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ವಿಭಾಗವೇ ಇದೆ. ಅವನಿಗೆ ಹೇಳಿ. ಬೇಡ, ನೀವೇ ಕರೆದುಕೊಂಡು ಹೋಗಿ.

ಅಡಿಕೆಅಟ್ಟ, ಕೊಪ್ಪ

ಕೊಯ್ಲು ಶುರುವಾಗೋ ಮುಂಚೆ ಹೋಗಿ ಬರುತ್ತೇನೆ ಮೇಷ್ಟ್ರೇ. ಸಕ್ಕರೆ ವಿಷಯದಲ್ಲಿ ಮಾತ್ರ ಡಾಕ್ಟ್ರನ್ನು ನಾನು ಇನ್ನೂ ಒಪ್ಪಿಲ್ಲ.

ತುಂಗೆದಡ, ತೀರ್ಥಹಳ್ಳಿ

ನಾಳೆ ನಮ್ಮದು ಎರಡನೇ ತಿಂಗಳ ಭೇಟಿ. ಕುಶಾವತಿ ಹತ್ತಿರ ಮರ ಬಿದ್ದಿದೆ ಎನ್ನುತ್ತಿದ್ದಾರೆ, ಏಳರ ಬಸ್ಸಿಗೇ ಹೊರಡುತ್ತೇವೆ. ಮೇಡಂ ತುಂಬಿದ ಹಾಳೆ, ತೂಕ ಬರೆದ ಪುಸ್ತಕ, ಚೀಟಿಯ ಎರಡು ಪ್ರತಿ, ಎಲ್ಲ ಚೀಲಕ್ಕೆ ಹಾಕಿದ್ದೇನೆ. ಕೊಡೆ ಈ ಸಲ ನನ್ನ ಕೈಯಲ್ಲಿರುತ್ತದೆ.